ಒಂದೇ ಜೋಡಿ ಕೈ: ಬಜೆಟ್ ಕಡಿತ ಕೊಡಗಿನ ಲೈನ್ ಮನೆಗೆ ಬಂದು ಮುಟ್ಟುವ ದಾರಿ

ಬೆಳಿಗ್ಗೆ ಏಳೂಮುಕ್ಕಾಲಕ್ಕೆ ನಮ್ಮ ರಸ್ತೆಯ ತಿರುವಿನಲ್ಲಿ ಪಿಕಪ್ ಬಂದು ನಿಲ್ಲುತ್ತದೆ. ಕಾಫಿ ಕುಯ್ಯಲು ಹೋಗುವ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ಹತ್ತುತ್ತಾರೆ. ತಲೆಗೆ ಟವೆಲ್, ಕೈಯಲ್ಲಿ ಬುತ್ತಿ, ಕಂಕುಳಲ್ಲಿ ಮಡಚಿದ ಗೋಣಿಚೀಲ. ಗಾಡಿ ಎರಡು ನಿಮಿಷ ನಿಲ್ಲುತ್ತದೆ, ಅಷ್ಟೇ. ತಪ್ಪಿದರೆ ಆ ದಿನದ ಕೂಲಿ ತಪ್ಪಿತು.

ಪಕ್ಕದ ಲೈನ್ ಮನೆಯ (ತೋಟದ ಕೂಲಿಯವರಿಗೆ ಸಾಲಾಗಿ ಕಟ್ಟಿದ ಮನೆ) ಅಕ್ಕ ಆ ಎರಡು ನಿಮಿಷಕ್ಕಾಗಿ ಐದು ಗಂಟೆಗೇ ಏಳುತ್ತಾಳೆ. ಗಂಡ ತೀರಿಹೋಗಿ ಒಂದೂವರೆ ವರ್ಷವಾಯಿತು. ದೊಡ್ಡ ಮಗಳು ಆರನೇ ಕ್ಲಾಸು. ಚಿಕ್ಕವನಿಗೆ ಎರಡೂವರೆ ವರ್ಷ. ಅಂಗನವಾಡಿ ಬಾಗಿಲು ತೆಗೆಯುವುದು ಒಂಬತ್ತೂವರೆ ಹೊತ್ತಿಗೆ. ಗಾಡಿ ಬರುವುದು ಏಳೂಮುಕ್ಕಾಲಕ್ಕೆ. ನಡುವಿನ ಒಂದೂಮುಕ್ಕಾಲು ಗಂಟೆ ಮಗು ಯಾರ ಹತ್ತಿರ ಇರಬೇಕು?

ಈ ಪ್ರಶ್ನೆಗೂ ದೆಹಲಿಯಲ್ಲೋ ಬೆಂಗಳೂರಿನಲ್ಲೋ ಮಂಡನೆಯಾಗುವ ಬಜೆಟ್ಟಿಗೂ ಏನು ಸಂಬಂಧ ಅನ್ನಿಸಬಹುದು. ಸಂಬಂಧ ತುಂಬಾ ಇದೆ. ಅದನ್ನು ಬಿಡಿಸಿ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ. ನಮ್ಮಮ್ಮನೂ ಒಬ್ಬಳೇ ನಮ್ಮನ್ನು ಸಾಕಿದವಳು. ಹಾಗಾಗಿ ಈ ಲೆಕ್ಕ ನನಗೆ ಪುಸ್ತಕ ಓದಿ ಬಂದದ್ದಲ್ಲ.

ಇಬ್ಬರಿರುವ ಮನೆಯಲ್ಲಿ ಒಬ್ಬರು ದುಡಿಯಲು ಹೋದರೆ ಇನ್ನೊಬ್ಬರು ಮಗು ನೋಡಿಕೊಳ್ಳಬಹುದು. ಇಬ್ಬರೂ ದುಡಿದರೆ ಒಬ್ಬರ ದುಡ್ಡಲ್ಲಿ ಒಂದು ಭಾಗ ಕೊಟ್ಟು ಯಾರನ್ನಾದರೂ ಇಟ್ಟುಕೊಳ್ಳಬಹುದು. ಒಬ್ಬರೇ ಇರುವ ಮನೆಯಲ್ಲಿ ಈ ಎರಡೂ ದಾರಿ ಇಲ್ಲ. ದುಡಿಯುವ ಕೈಯೂ ಅದೇ, ಮಗು ಎತ್ತಿಕೊಳ್ಳುವ ಕೈಯೂ ಅದೇ. ಹೀಗಿರುವಾಗ ಅಂಗನವಾಡಿ, ಶಾಲೆಯ ಬಿಸಿಯೂಟ, ಊರಿನ ಆಸ್ಪತ್ರೆ, ಬಸ್ಸು, ಪಿಂಚಣಿ ಇವೆಲ್ಲ ಸೇರಿ ಆ ಮನೆಯ ಎರಡನೇ ಜೋಡಿ ಕೈಯಾಗಿ ಕೆಲಸ ಮಾಡುತ್ತವೆ. ಸರ್ಕಾರ ಇವುಗಳಲ್ಲಿ ಯಾವುದಕ್ಕೆ ಕತ್ತರಿ ಹಾಕಿದರೂ ಅಲ್ಲಿ ಕಡಿಮೆಯಾಗುವುದು ಬರೀ ಹಣವಲ್ಲ. ಆ ತಾಯಿಯ ದಿನದಲ್ಲಿ ಗಂಟೆಗಳೇ ಕಡಿಮೆಯಾಗುತ್ತವೆ. ಗಂಟೆ ಹೋದರೆ ಕೂಲಿ ಹೋಯಿತು.

ಕಡಿತ ಅಂತ ಬೋರ್ಡ್ ಹಾಕಿಕೊಂಡು ಬರುವುದಿಲ್ಲ

"ಬಜೆಟ್‌ನಲ್ಲಿ ಕಡಿತ" ಅಂದ ಕೂಡಲೇ ಹೋದ ವರ್ಷ 100 ಇತ್ತು, ಈ ವರ್ಷ 80 ಆಯಿತು ಅಂದುಕೊಳ್ಳುತ್ತೇವೆ. ಅಂಥದ್ದೂ ಇದೆ. 2015-16ರ ಕೇಂದ್ರ ಬಜೆಟ್ ಅದಕ್ಕೆ ದೊಡ್ಡ ಉದಾಹರಣೆ. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆಗೆ ಅದರ ಹಿಂದಿನ ವರ್ಷ ಸುಮಾರು 18 ಸಾವಿರ ಕೋಟಿ ರೂಪಾಯಿ ಇಟ್ಟಿದ್ದರು. ಆ ವರ್ಷ ಸುಮಾರು 8 ಸಾವಿರ ಕೋಟಿಗೆ ಇಳಿಸಿದರು. 14ನೇ ಹಣಕಾಸು ಆಯೋಗದ ಶಿಫಾರಸಿನಂತೆ ಕೇಂದ್ರ ತೆರಿಗೆಯಲ್ಲಿ ರಾಜ್ಯಗಳ ಪಾಲು ಶೇಕಡಾ 32ರಿಂದ 42ಕ್ಕೆ ಏರಿತ್ತು. ನಿಮಗೆ ಜಾಸ್ತಿ ಬಂದಿದೆ, ಇನ್ನು ಇಂಥ ಖರ್ಚಿನಲ್ಲಿ ನಿಮ್ಮ ಪಾಲೂ ಜಾಸ್ತಿ ಇರಲಿ ಅನ್ನುವುದು ಕೇಂದ್ರದ ಮಾತು. ಗಲಾಟೆ ಆದ ಮೇಲೆ ವರ್ಷದ ಮಧ್ಯೆ ಮತ್ತೆ ಹಣ ಸೇರಿಸಿದರು. ಆದರೆ ಅಷ್ಟು ತಿಂಗಳು ಕೆಳಗಿನವರು ಬಾಕಿ ಬಿಲ್ಲು ಹಿಡಿದುಕೊಂಡು ಕಾಯಬೇಕಾಯಿತು.

ಅಣ್ಣ ತಮ್ಮ ಬೇರೆಯಾಗುವಾಗ ಅಮ್ಮನ ಔಷಧಿ ಖರ್ಚು ಯಾರದ್ದು ಅಂತ ಮಾತಾಡದೇ ಹೋದರೆ ಏನಾಗುತ್ತದೋ, ಕೇಂದ್ರ ರಾಜ್ಯಗಳ ನಡುವೆಯೂ ಅದೇ ಆಗುತ್ತದೆ. ಇಬ್ಬರೂ ಕೊಡುತ್ತೇವೆ ಅನ್ನುತ್ತಾರೆ. ಔಷಧಿ ಮಾತ್ರ ತಡವಾಗುತ್ತದೆ. ಕರ್ನಾಟಕದ ಕಷ್ಟ ಇನ್ನೂ ಒಂದಿದೆ. ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ನಮ್ಮ ಪಾಲು 14ನೇ ಆಯೋಗದ ಕಾಲದಲ್ಲಿ ಶೇಕಡಾ 4.713 ಇತ್ತು. 15ನೇ ಆಯೋಗ ಅದನ್ನು 3.647ಕ್ಕೆ ಇಳಿಸಿತು. ಮೇಲಿನ ಕೈ ಬಿಗಿಯಾದರೆ ಕೆಳಗಿನ ಕೈಯೂ ಬಿಗಿಯಾಗುತ್ತದೆ, ಅಲ್ವಾ?

ಹೀಗೆ ಎದುರಿಗೆ ಕಾಣುವ ಕಡಿತ ವಾಸಿ. ಪೇಪರಿನಲ್ಲಿ ಬರುತ್ತದೆ, ಜನ ಕೇಳುತ್ತಾರೆ. ಕಾಣದೇ ಬರುವ ಕಡಿತವೇ ಹೆಚ್ಚು ಕಾಡುವುದು. ಅದರಲ್ಲೂ ಮೊತ್ತವನ್ನು ವರ್ಷಗಟ್ಟಲೆ ಅಲ್ಲೇ ನಿಲ್ಲಿಸಿಬಿಡುವುದು. ವಿಧವಾ ಪಿಂಚಣಿಗೆ ಕೇಂದ್ರ ಕೊಡುವ ಪಾಲು ತಿಂಗಳಿಗೆ 300 ರೂಪಾಯಿ. ಅದೂ 40 ವರ್ಷ ತುಂಬಿದವರಿಗೆ. ಈ 300 ನಿಗದಿಯಾಗಿದ್ದು 2012ರಲ್ಲಿ. ಬೆಲೆ ಏರಿಕೆಯನ್ನು ಅಳೆಯುವ ಸರ್ಕಾರದ್ದೇ ಸೂಚ್ಯಂಕದಲ್ಲಿ 2012ನ್ನು 100 ಎಂದಿಟ್ಟರೆ 2025ರ ಹೊತ್ತಿಗೆ ಅದು 190 ದಾಟಿತ್ತು. ಅಂದರೆ ಆ 300ಕ್ಕೆ ಈಗ ಸಿಗುವುದು ಆಗಿನ 150 ರೂಪಾಯಿ ಸಾಮಾನು. ಯಾವ ಮಂತ್ರಿಯೂ "ವಿಧವೆಯರ ಪಿಂಚಣಿ ಅರ್ಧ ಮಾಡಿದ್ದೇವೆ" ಅಂತ ಭಾಷಣದಲ್ಲಿ ಓದಲಿಲ್ಲ. ಆದರೂ ಅರ್ಧ ಆಯಿತು. ನಮ್ಮ ರಾಜ್ಯ ತನ್ನ ಕೈಯಿಂದ ಸೇರಿಸುತ್ತದೆ, 2021ರಲ್ಲಿ 600 ಇದ್ದದ್ದನ್ನು 800 ಮಾಡಿತು. ಅದಕ್ಕೆ 40 ವರ್ಷ ತುಂಬಬೇಕೆಂಬ ಷರತ್ತೂ ಇಲ್ಲ. ಇದು ನಿಜಕ್ಕೂ ದೊಡ್ಡ ಉಪಕಾರ. ಲೈನ್ ಮನೆಗಳಲ್ಲಿ ಗಂಡನನ್ನು ಕಳೆದುಕೊಂಡವರು ಎಷ್ಟೋ ಜನ 25, 30ರ ಹೆಂಗಸರೇ.

ಅಂಗನವಾಡಿ ಊಟದ ಲೆಕ್ಕವೂ ಹೀಗೇ. ಒಂದು ಮಗುವಿಗೆ ದಿನಕ್ಕೆ ಇಷ್ಟು ಅಂತ ಕೇಂದ್ರ ದರ ನಿಗದಿ ಮಾಡುತ್ತದೆ. 2017ರಲ್ಲಿ ಅದು 6 ರೂಪಾಯಿಯಿಂದ 8 ರೂಪಾಯಿ ಆಯಿತು. ಆಮೇಲೆ ಎಷ್ಟೋ ವರ್ಷ ಅದೇ 8 ರೂಪಾಯಿ. ಇವತ್ತು ಅಂಗಡಿಯಲ್ಲಿ ಒಂದು ಮೊಟ್ಟೆಗೇ 6, 7 ರೂಪಾಯಿ. ರಾಜ್ಯ ಬೇರೆ ಲೆಕ್ಕದಿಂದ ಮೊಟ್ಟೆ ಕೊಡಿಸುತ್ತದೆ ನಿಜ. ಆದರೆ ಆ ಹಣ ತಡವಾದಾಗ ಹಲವು ಕಡೆ ಟೀಚರೇ ಕೈಯಿಂದ ಹಾಕಿ ತಂದು, ಆಮೇಲೆ ಬಿಲ್ಲಿಗೆ ಕಾಯುತ್ತಾರೆ. ಅವರ ಗೌರವಧನದಲ್ಲಿ ಕೇಂದ್ರದ ಲೆಕ್ಕ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ಇದು 2018ರಲ್ಲಿ ಹಾಕಿದ ಲೆಕ್ಕ. ಉಳಿದದ್ದು ರಾಜ್ಯ ಸೇರಿಸುವುದು. ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕಂದಿರಿಗಂತೂ ಕೇಂದ್ರದ ಯೋಜನೆಯ ಲೆಕ್ಕ 2009ರಿಂದ ತಿಂಗಳಿಗೆ 1,000 ರೂಪಾಯಿ. ಈ ಅಡುಗೆಯವರಲ್ಲೂ ಸಹಾಯಕಿಯರಲ್ಲೂ ಒಬ್ಬಂಟಿ ತಾಯಂದಿರು ಎಷ್ಟಿದ್ದಾರೆ ನೋಡಿ. ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿದೆ ಅಂತಲೇ ಇವರ ಮನೆ ನಡೆಯುತ್ತಿದೆ.

ಆದಾಯದ ಮಿತಿಯನ್ನು ಏರಿಸದೆ ಇಡುವುದೂ ಕಡಿತವೇ. ಮಿಷನ್ ವಾತ್ಸಲ್ಯ ಅಂತ ಒಂದು ಯೋಜನೆ ಇದೆ. ಗಂಡ ತೀರಿಹೋದ, ಬಿಟ್ಟುಹೋದ, ವಿಚ್ಛೇದನವಾದ ತಾಯಂದಿರ ಮಕ್ಕಳಿಗೆ ಪ್ರಾಯೋಜಕತ್ವ ಅಂತ ತಿಂಗಳಿಗೆ 4,000 ರೂಪಾಯಿ ಸಿಗಬಹುದು. ಒಳ್ಳೆಯ ಯೋಜನೆ. ತುಂಬಾ ಜನರಿಗೆ ಗೊತ್ತೇ ಇಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಬೇಕು. ಆದರೆ ಹಳ್ಳಿಯಲ್ಲಿ ಕುಟುಂಬದ ಆದಾಯ ವರ್ಷಕ್ಕೆ 72,000 ದಾಟಬಾರದು. ಅಂದರೆ ತಿಂಗಳಿಗೆ 6,000. ದಿನಕ್ಕೆ 400 ರೂಪಾಯಿ ಕೂಲಿ ಅಂತಿಟ್ಟುಕೊಂಡು ತಿಂಗಳಿಗೆ 20 ದಿನ ಕೆಲಸ ಸಿಕ್ಕರೂ 8,000 ಆಯಿತು. ಮಕ್ಕಳ ಹೊಟ್ಟೆಗೆ ಅಂತ ನಾಲ್ಕು ದಿನ ಜಾಸ್ತಿ ದುಡಿದವಳು ಸಹಾಯದ ಗೆರೆಯಿಂದ ಆಚೆ ಬೀಳುತ್ತಾಳೆ. ಮಿತಿಯೊಳಗೆ ಇದ್ದರೂ, ಬಂದ ಅನುದಾನ ಮುಗಿದಿದ್ದರೆ ಮುಂದಿನ ಸಲ ನೋಡೋಣ ಅನ್ನುವ ಮಾತು ಕೇಳಬೇಕು.

ಇನ್ನು ತಡ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತೇವಲ್ಲ, ಅದು. ಬಜೆಟ್‌ನಲ್ಲಿ ಒಂದೇ ಬಾಬಿಗೆ ಮೂರು ಅಂಕಿ ಇರುತ್ತದೆ. ವರ್ಷದ ಮೊದಲು ಹೇಳಿದ್ದು ಬಜೆಟ್ ಅಂದಾಜು. ಮಧ್ಯೆ ತಿದ್ದಿದ್ದು ಪರಿಷ್ಕೃತ ಅಂದಾಜು. ಕೊನೆಗೆ ನಿಜವಾಗಿ ಆದದ್ದು ಖರ್ಚು. ನಮಗೆ ಟಿವಿಯಲ್ಲಿ ತೋರಿಸುವುದು ಮೊದಲನೆಯದು. ಊಟಕ್ಕೆ ಬರುವುದು ಮೂರನೆಯದು. ಹಳ್ಳಿಯವರಿಗೆ ಕೂಲಿ ಕೆಲಸ ಕೊಡುವ ನರೇಗಾ ಯೋಜನೆ ತೆಗೆದುಕೊಳ್ಳಿ. 2022-23ರ ಪರಿಷ್ಕೃತ ಅಂದಾಜು 89,400 ಕೋಟಿ. ಮುಂದಿನ ವರ್ಷಕ್ಕೆ ಬಜೆಟ್‌ನಲ್ಲಿ ಇಟ್ಟದ್ದು 60,000 ಕೋಟಿ. ಆ ವರ್ಷ ಮುಗಿಯುವ ಹೊತ್ತಿಗೆ ಅದನ್ನೂ 86,000 ಕೋಟಿಗೆ ತಿದ್ದಬೇಕಾಯಿತು. ಅಂದರೆ ಕೆಲಸಕ್ಕೆ ಬೇಡಿಕೆ ಇತ್ತು, ಹಣ ಮೊದಲೇ ಇಟ್ಟಿರಲಿಲ್ಲ. ಮಧ್ಯದ ತಿಂಗಳುಗಳಲ್ಲಿ ಕೂಲಿ ತಡವಾಗುತ್ತದೆ. 15 ದಿನದೊಳಗೆ ಕೂಲಿ ಕೊಡಬೇಕು ಅಂತ ಕಾಯ್ದೆ ಹೇಳಿದರೂ ತಡವಾಗುತ್ತದೆ. ಇಬ್ಬರು ದುಡಿಯುವ ಮನೆಯಲ್ಲಿ ಒಬ್ಬರ ಕೂಲಿ ತಡವಾದರೆ ಇನ್ನೊಬ್ಬರ ಕೂಲಿಯಲ್ಲಿ ಅಕ್ಕಿ ಬರುತ್ತದೆ. ಒಬ್ಬಳೇ ಇರುವ ಮನೆಯಲ್ಲಿ ಅಂಗಡಿ ಸಾಲ ಬರುತ್ತದೆ. ಇಲ್ಲದಿದ್ದರೆ ತೋಟದ ಸಾಹುಕಾರರ ಹತ್ತಿರ ಮುಂಗಡ. ಆ ಮುಂಗಡ ತೀರುವವರೆಗೆ ಬೇರೆ ತೋಟಕ್ಕೆ ಜಾಸ್ತಿ ಕೂಲಿ ಅಂದರೂ ಹೋಗಲಾಗುವುದಿಲ್ಲ.

ನಮ್ಮಮ್ಮನ ಪಿಂಚಣಿ ಒಂದು ಸಲ ಏಳು ತಿಂಗಳು ನಿಂತಿತ್ತು. ದಾಖಲೆಯಲ್ಲಿ ಹೆಸರಿನ ಒಂದು ಅಕ್ಷರ ಬೇರೆ ಇತ್ತಂತೆ. ಆ ಕಚೇರಿಗೆ ಎಂಟು ಸಲ ಹೋದಳು. ಎಂಟು ಸಲ ಅಂದರೆ ಎಂಟು ದಿನದ ಕೂಲಿ. ಬಾಕಿ ಬಂದಾಗ ಲೆಕ್ಕ ಹಾಕಿದೆವು. ಬಂದದ್ದಕ್ಕಿಂತ ಹೋದದ್ದೇ ಸ್ವಲ್ಪ ಜಾಸ್ತಿ ಇತ್ತು. ಸಿಬ್ಬಂದಿ ಇಲ್ಲದ ಮೇಜುಗಳು, ಒಬ್ಬರೇ ಮೂರು ಹುದ್ದೆ ನೋಡಿಕೊಳ್ಳುವುದು, ಸರ್ವರ್ ಇಲ್ಲ ನಾಳೆ ಬನ್ನಿ ಅನ್ನುವುದು, ಇವೂ ಕಡಿತದ್ದೇ ಮುಖಗಳು. ಈಗ ಅಂಗನವಾಡಿಯಿಂದ ಮನೆಗೆ ಕೊಡುವ ಆಹಾರಕ್ಕೆ ಮೊಬೈಲಿನಲ್ಲಿ ಮುಖ ತೋರಿಸಬೇಕು ಅಂತ 2025ರ ಜುಲೈಯಿಂದ ನಿಯಮವಾಗಿದೆ. ಕಳ್ಳತನ ತಡೆಯಲು ಅನ್ನುತ್ತಾರೆ. ಸರಿ. ಆದರೆ ನೆಟ್‌ವರ್ಕ್ ಸಿಗದ ನಮ್ಮ ಕಣಿವೆಗಳಲ್ಲಿ, ಬೆಳಕು ಹರಿದಾಗ ತೋಟಕ್ಕೆ ಹೋಗಿ ಸಂಜೆ ಬರುವವಳು ಯಾವ ಹೊತ್ತಿಗೆ ಹೋಗಿ ಮುಖ ತೋರಿಸಬೇಕು?

ತೋಟ, ಗಡಿಯಾರ, ಮಗು

ಈಗ ಎರಡೂವರೆ ವರ್ಷದ ಆ ಮಗುವಿನ ಹತ್ತಿರ ಬರೋಣ. ನನ್ನ ಪ್ರಕಾರ ಈ ವಿಷಯದ ತಿರುಳು ಇಲ್ಲೇ ಇದೆ.

1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಒಂದು ಒಳ್ಳೆಯ ಮಾತು ಹೇಳಿತ್ತು. 50 ಅಥವಾ ಹೆಚ್ಚು ಹೆಂಗಸರು ಕೆಲಸ ಮಾಡುವ ತೋಟದಲ್ಲಿ, ಅಥವಾ ಅವರ ಪುಟ್ಟ ಮಕ್ಕಳು 20 ಇದ್ದರೆ, ಮಾಲೀಕರು ಶಿಶುಪಾಲನಾ ಕೇಂದ್ರ ನಡೆಸಬೇಕು. ದೊಡ್ಡ ಕಂಪನಿ ಎಸ್ಟೇಟುಗಳಿಗೆ ಇದು ಅನ್ವಯಿಸುತ್ತಿತ್ತು. ಆದರೆ ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ನಮ್ಮ ಅಮ್ಮತ್ತಿ, ಪೊನ್ನಂಪೇಟೆ, ಸೋಮವಾರಪೇಟೆ ಕಡೆ ನೋಡಿದರೂ ಅಷ್ಟೇ. ಒಂದು ತೋಟದಲ್ಲಿ ಎಂಟು ಜನ, ಇನ್ನೊಂದರಲ್ಲಿ ಹದಿನೈದು ಜನ. ಇವತ್ತು ಇಲ್ಲಿ, ನಾಳೆ ಅಲ್ಲಿ. 50ರ ಲೆಕ್ಕ ಎಲ್ಲೂ ಮುಟ್ಟುವುದಿಲ್ಲ. ಸಣ್ಣ ಬೆಳೆಗಾರರನ್ನು ದೂರಿ ಪ್ರಯೋಜನವಿಲ್ಲ, ಎಂಟು ಜನರಿಗೆ ಒಂದು ಕೇಂದ್ರ ಅವರಿಂದ ಆಗದು. ಅಂದಮೇಲೆ ಉಳಿಯುವುದು ಸರ್ಕಾರ ನಡೆಸುವ ಜಾಗ ಮಾತ್ರ.

ಸರ್ಕಾರದ್ದು ಒಂದು ಇತ್ತು. ದುಡಿಯುವ ತಾಯಂದಿರ ಮಕ್ಕಳಿಗಾಗಿ ರಾಜೀವ್ ಗಾಂಧಿ ರಾಷ್ಟ್ರೀಯ ಶಿಶುಪಾಲನಾ ಯೋಜನೆ, 2006ರಲ್ಲಿ ಶುರುವಾದದ್ದು. ದೇಶದಲ್ಲಿ 23 ಸಾವಿರಕ್ಕೂ ಹೆಚ್ಚು ಕೇಂದ್ರಗಳಿದ್ದವು. ಮೊದಲು ಹೆಚ್ಚುಪಾಲು ಹಣ ಕೇಂದ್ರದ್ದು. 2017ರ ಜನವರಿಯಿಂದ ಲೆಕ್ಕ ಬದಲಾಯಿತು. 100 ರೂಪಾಯಿ ಖರ್ಚಾದರೆ 60 ಕೇಂದ್ರ, 30 ರಾಜ್ಯ, 10 ನಡೆಸುವ ಸಂಸ್ಥೆ. ಮೂರು ಜನರಲ್ಲಿ ಒಬ್ಬರು ತಡ ಮಾಡಿದರೂ ಬಾಗಿಲು ಮುಚ್ಚಬೇಕು. ಮೂರೇ ವರ್ಷದಲ್ಲಿ ಕೇಂದ್ರಗಳ ಸಂಖ್ಯೆ 8 ಸಾವಿರಕ್ಕಿಂತ ಕೆಳಗಿಳಿಯಿತು. ಯೋಜನೆ ರದ್ದಾಗಲಿಲ್ಲ. 15 ಸಾವಿರಕ್ಕೂ ಹೆಚ್ಚು ಬಾಗಿಲುಗಳು ಮುಚ್ಚಿದವು. 2022ರಲ್ಲಿ ಇದನ್ನೇ ಪಾಲನಾ ಅನ್ನುವ ಹೆಸರಿನಲ್ಲಿ ಅಂಗನವಾಡಿಗಳ ಜೊತೆ ಸೇರಿಸಿ ಮತ್ತೆ ಕಟ್ಟಲು ಹೊರಟಿದ್ದಾರೆ. ಒಳ್ಳೆಯದೇ. ಆದರೆ ಮುಚ್ಚಿದ್ದ ವರ್ಷಗಳಲ್ಲಿ ಎರಡೂವರೆ ವರ್ಷದವರಾಗಿದ್ದ ಮಕ್ಕಳು ಈಗ ಶಾಲೆಗೆ ಹೋಗುತ್ತಿದ್ದಾರೆ. ಅವರ ತಾಯಂದಿರು ಕಳೆದುಕೊಂಡ ಕೆಲಸದ ದಿನಗಳು ವಾಪಸ್ ಬರುವುದಿಲ್ಲ.

ನಮ್ಮ ರಾಜ್ಯ 2023ರಲ್ಲಿ ಕೂಸಿನ ಮನೆ ಅನ್ನುವ ಯೋಜನೆ ತಂದಿತು. 4,000 ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೂಲಿಕಾರರ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಮನೆ. ಹೆಸರೇ ಎಷ್ಟು ಚೆನ್ನಾಗಿದೆ. ಮಕ್ಕಳನ್ನು ನೋಡಿಕೊಳ್ಳುವ ಕೇರ್‌ಟೇಕರ್‌ಗಳಿಗೆ ನರೇಗಾ ಲೆಕ್ಕದಲ್ಲೇ ಕೂಲಿ ಅಂತ ಇಟ್ಟರು. ಇಲ್ಲಿ ಒಂದು ಕೊಂಡಿ ಗಮನಿಸಬೇಕು. ದೆಹಲಿಯಲ್ಲಿ ನರೇಗಾ ಹಣ ಬಿಗಿಯಾದರೆ ಕಡಿಮೆಯಾಗುವುದು ಕೆರೆ ಕೆಲಸ, ರಸ್ತೆ ಕೆಲಸ ಮಾತ್ರವಲ್ಲ. ಕೂಸಿನ ಮನೆಯಲ್ಲಿ ಜೋಲಿ ತೂಗುವವಳ ಕೂಲಿಯೂ ನಿಲ್ಲುತ್ತದೆ. 2025ರ ಡಿಸೆಂಬರ್‌ನಲ್ಲಿ ನರೇಗಾ ಜಾಗಕ್ಕೆ ಹೊಸ ಕಾಯ್ದೆ ಬಂತು. ವರ್ಷಕ್ಕೆ 100 ದಿನ ಇದ್ದದ್ದು 125 ದಿನ ಅಂತಾಯಿತು. ಜೊತೆಗೆ ಮೊದಲು ಕೇಂದ್ರವೇ ಪೂರ್ತಿ ಕೊಡುತ್ತಿದ್ದ ಕೂಲಿಯಲ್ಲಿ 100ಕ್ಕೆ 40 ರಾಜ್ಯದ ಪಾಲಾಯಿತು. ದಿನ ಹೆಚ್ಚಾಯಿತು ಅಂತ ಖುಷಿಪಡುವ ಮೊದಲು ಆ 40 ಯಾವ ಬಾಬಿನಿಂದ ಬರುತ್ತದೆ ಅಂತ ನಾವು ಕೇಳಬೇಕು.

ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ರೊಬಸ್ಟಾ ಕುಯ್ಲಿನ ಸಮಯ, ಫೆಬ್ರವರಿ ಅಂತಿಟ್ಟುಕೊಳ್ಳಿ. ಕುಯ್ಲಿನಲ್ಲಿ ಕೂಲಿ ದಿನಕ್ಕಲ್ಲ, ಕೆಜಿಗೆ. ಕೆಜಿಗೆ 5 ರೂಪಾಯಿ. ಎಂಟು ಗಂಟೆಯಲ್ಲಿ 100 ಕೆಜಿ ಕುಯ್ದರೆ 500 ರೂಪಾಯಿ. ಅಂಗನವಾಡಿಯ ಸಹಾಯಕಿ ಹುದ್ದೆ ಖಾಲಿ ಬಿದ್ದಿದೆ. ಟೀಚರಿಗೆ ಮೀಟಿಂಗು, ಸರ್ವೆ, ಪಟ್ಟಿ. ಹಾಗಾಗಿ ಬಾಗಿಲು ತಡವಾಗಿ ತೆಗೆದು ಬೇಗ ಮುಚ್ಚುತ್ತಾರೆ. ತಾಯಿಗೆ ದಿನಕ್ಕೆ ಎರಡು ಗಂಟೆ ಹೋಯಿತು. ಎರಡು ಗಂಟೆ ಅಂದರೆ 25 ಕೆಜಿ, 125 ರೂಪಾಯಿ. ತಿಂಗಳಿಗೆ 25 ದಿನಕ್ಕೆ 3,125 ರೂಪಾಯಿ. ಅಂಥ ಮೂರು ತಾಯಂದಿರು ಇದ್ದರೆ 9,375. ಖಾಲಿ ಬಿಟ್ಟ ಸಹಾಯಕಿ ಹುದ್ದೆಯಿಂದ ಕೇಂದ್ರ ರಾಜ್ಯ ಎರಡೂ ಸೇರಿ ತಿಂಗಳಿಗೆ 7,000 ಉಳಿಸಿದವು ಅಂತಿಟ್ಟುಕೊಂಡರೂ ಊರು ಕಳೆದುಕೊಂಡದ್ದು ಅದಕ್ಕಿಂತ ಜಾಸ್ತಿ. ಸರ್ಕಾರದ ಪುಸ್ತಕದಲ್ಲಿ ಉಳಿತಾಯ ಅಂತ ಬರೆದದ್ದು ಈ ಮೂರು ಅಡುಗೆಮನೆಗಳಿಂದ ತೆಗೆದ ದುಡ್ಡು.

ವರ್ಷದ ಉಳಿದ ಕಾಲದಲ್ಲಿ ಲೆಕ್ಕ ಇನ್ನೂ ಕಷ್ಟ. ಕೊಡಗಿನಲ್ಲಿ ಕೈತುಂಬಾ ಕೆಲಸ ಅಂದರೆ ನವೆಂಬರ್‌ನಿಂದ ಮಾರ್ಚ್. ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ. ಆ ಐದು ತಿಂಗಳಲ್ಲಿ ದುಡಿದದ್ದರಲ್ಲೇ ಮಳೆಗಾಲ ಕಳೆಯಬೇಕು. ಜೂನ್, ಜುಲೈ, ಆಗಸ್ಟ್‌ನಲ್ಲಿ ಜಡಿಮಳೆ ಹಿಡಿದರೆ ತೋಟದ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಅದೇ ದಿನಗಳಲ್ಲಿ ಶಾಲೆಗೆ, ಅಂಗನವಾಡಿಗೆ ಮಳೆ ರಜೆ. 2018ರ ಆಗಸ್ಟ್‌ನಲ್ಲಿ ಬೆಟ್ಟ ಕುಸಿದದ್ದನ್ನು ನೋಡಿದವರು ಯಾರೂ ಆ ರಜೆ ಬೇಡ ಅನ್ನುವುದಿಲ್ಲ. ಮಕ್ಕಳ ಜೀವ ದೊಡ್ಡದು. ಆದರೆ ಒಬ್ಬಳೇ ತಾಯಿಗೆ ಮಳೆ ರಜೆ ಅಂದರೆ ಇದ್ದ ಒಂದೆರಡು ದಿನದ ಕೆಲಸವೂ ಹೋಯಿತು, ಮಗುವಿನ ಮಧ್ಯಾಹ್ನದ ಊಟವೂ ಮನೆಯ ಲೆಕ್ಕಕ್ಕೆ ಬಂತು. ಯರವ, ಜೇನು ಕುರುಬ, ಬೆಟ್ಟ ಕುರುಬರ ಹಾಡಿಗಳಿಗೆ ಸರ್ಕಾರ ಪೌಷ್ಟಿಕ ಆಹಾರದ ಕಿಟ್ ಕೊಡುತ್ತದೆ. ಬೇಳೆ, ಮೊಟ್ಟೆ, ಎಣ್ಣೆ, ತುಪ್ಪ, ಬೆಲ್ಲ. ಮಳೆಗಾಲದ ಕಿಟ್ ಮಳೆಗಾಲದಲ್ಲೇ ಬರಬೇಕು. ಟೆಂಡರು, ಅನುದಾನ ಅಂತ ಎರಡು ತಿಂಗಳು ತಡವಾದರೆ ಹಸಿದ ಎರಡು ತಿಂಗಳು ಕಳೆದೇ ಹೋಗಿರುತ್ತವೆ.

ದುಡ್ಡು ಕೊಟ್ಟರೆ ಸಾಲದೇ?

ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದೆ. ಅದೇ ವರ್ಷ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಫ್ರೀ. ಇನ್ನೇನು ಬೇಕು ಅಂತ.

ಆ 2,000 ಎಂಥ ಆಸರೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಪಕ್ಕದ ಮನೆ ಅಕ್ಕ ಮೊದಲ ಕಂತಿನಲ್ಲಿ ಮಗಳಿಗೆ ಶೂ, ರೈನ್‌ಕೋಟ್ ತಂದಳು. ಅದನ್ನು ಹಗುರವಾಗಿ ಮಾತಾಡುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಆದರೆ ದುಡ್ಡು ಮಗುವನ್ನು ಎತ್ತಿಕೊಳ್ಳುವುದಿಲ್ಲ. ತಿಂಗಳಿಗೆ 2,000 ಕೊಟ್ಟರೆ ದಿನವಿಡೀ ಮಗು ನೋಡಿಕೊಳ್ಳುವವರು ಯಾವ ಊರಲ್ಲೂ ಸಿಗುವುದಿಲ್ಲ. ನಗದು ಬೇಕು, ಸೇವೆಯೂ ಬೇಕು. ಒಂದಕ್ಕೆ ಹಣ ಹೊಂದಿಸಲು ಇನ್ನೊಂದರಿಂದ ಕಿತ್ತರೆ ಈ ಮನೆಗೆ ಒಂದು ಕಡೆ ಬಂದದ್ದು ಇನ್ನೊಂದು ಕಡೆ ಹೋಗುತ್ತದೆ. ಕಂತು ಎರಡು ಮೂರು ತಿಂಗಳು ತಡವಾದಾಗಂತೂ ಬಾಡಿಗೆ, ಚೀಟಿ, ಸಂಘದ ಸಾಲದ ಕಂತು ಎಲ್ಲವೂ ಒಟ್ಟಿಗೆ ಜಾರುತ್ತದೆ.

ಬಸ್ಸಿನ ಮಾತೂ ಹಾಗೇ. ಫ್ರೀ ಟಿಕೆಟ್ಟು ಸರ್ಕಾರಿ ಬಸ್ಸಿಗೆ. ಕೊಡಗಿಗೆ ರೈಲು ಇಲ್ಲ. ಒಳಗಿನ ಎಷ್ಟೋ ರಸ್ತೆಗಳಲ್ಲಿ ಓಡುವುದು ಖಾಸಗಿ ಬಸ್ಸು. ಸರ್ಕಾರಿ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಅದರಲ್ಲೊಂದು ಟ್ರಿಪ್ ನಿಲ್ಲಿಸಿದರೆ ಆ ಊರಿಗೆ ಶಕ್ತಿ ಯೋಜನೆ ಇದ್ದೂ ಇಲ್ಲದ ಹಾಗೆ. ಮಕ್ಕಳು ಕಡಿಮೆ ಅಂತ ಹತ್ತಿರದ ಶಾಲೆ ಮುಚ್ಚಿ ಮೂರು ಕಿಲೋಮೀಟರ್ ಆಚೆಯ ಶಾಲೆಗೆ ಸೇರಿಸಿದಾಗಲೂ ಕಾಗದದ ಮೇಲೆ ಅದು ಮೂರು ಕಿಲೋಮೀಟರ್ ಅಷ್ಟೇ. ನಮ್ಮಲ್ಲಿ ಆ ದಾರಿ ಕಾಫಿ ತೋಟದ ನಡುವೆ ಹೋಗುತ್ತದೆ, ಬೆಳಿಗ್ಗೆ ಆನೆ ನಿಂತಿರುತ್ತದೆ. ಮಗುವನ್ನು ಯಾರಾದರೂ ಬಿಟ್ಟು ಬರಬೇಕು, ಕರೆದುಕೊಂಡು ಬರಬೇಕು. ಯಾರು ಅಂತ ಮತ್ತೆ ಅದೇ ಪ್ರಶ್ನೆ.

ವಿದ್ಯಾರ್ಥಿವೇತನವೂ ಇದೇ ದಾರಿಯಲ್ಲಿ ಹೋಯಿತು. ಅಲ್ಪಸಂಖ್ಯಾತ ಮಕ್ಕಳಿಗೆ 1ರಿಂದ 8ನೇ ಕ್ಲಾಸಿನವರೆಗೆ ಕೇಂದ್ರ ಕೊಡುತ್ತಿದ್ದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 2022-23ರಿಂದ ನಿಂತಿತು. ಆ ಕ್ಲಾಸುಗಳಿಗೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಹೇಗೂ ಉಚಿತ ಅನ್ನುವುದು ಕಾರಣ. ಫೀಸು ಉಚಿತ ಇರಬಹುದು. ನೋಟ್ ಪುಸ್ತಕ, ಕೊಡೆ, ಬ್ಯಾಗು ಉಚಿತವಲ್ಲ.

ಒಬ್ಬಂಟಿ ತಂದೆಯರನ್ನೂ ಇಲ್ಲಿ ನೆನೆಯಬೇಕು. ಗಾರೆ ಕೆಲಸದ ಒಬ್ಬರು ನನಗೆ ಗೊತ್ತು, ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡರು. ರೇಷನ್ ಕಾರ್ಡಿನಲ್ಲಿ ಮನೆಯೊಡತಿ ಇಲ್ಲ, ಹಾಗಾಗಿ ಗೃಹಲಕ್ಷ್ಮಿ ಇಲ್ಲ. ಬಸ್ಸು ಫ್ರೀ ಇಲ್ಲ. ವಿಧವೆಯರಿಗೆ ಇರುವ ಪಿಂಚಣಿ ಇಲ್ಲ. ಅವರಿಗೆ ಇದ್ದದ್ದು ಲೇಬರ್ ಕಾರ್ಡಿನ ಮೇಲೆ ಮಕ್ಕಳ ಓದಿಗೆ ಬರುವ ಸಹಾಯಧನ. 2023ರ ಅಕ್ಟೋಬರ್‌ನಲ್ಲಿ ಆ ಮೊತ್ತವನ್ನೂ ತುಂಬಾ ಇಳಿಸಿದರು. ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದರೆ ಹೆಂಗಸರಿಗೂ ಒಬ್ಬಂಟಿ ತಂದೆಯರಿಗೂ ಮಕ್ಕಳ ಪಾಲನೆಗೆ ಇಡೀ ಸೇವೆಯಲ್ಲಿ 730 ದಿನ ರಜೆ ಸಿಗುತ್ತದೆ. ಅಂದರೆ ಇಂಥವರಿಗೆ ಹೊತ್ತು ಬೇಕು ಅನ್ನುವುದು ಸರ್ಕಾರಕ್ಕೆ ಗೊತ್ತಿದೆ. ಗಾರೆಯವರಿಗೆ, ತೋಟದವರಿಗೆ ಆ ಹೊತ್ತನ್ನು ಕೊಡಬಹುದಾದ ಒಂದೇ ಜಾಗ ಅಂಗನವಾಡಿ.

ಕೊನೆಗೆ ಯಾರ ತಲೆ ಮೇಲೆ

ಸರ್ಕಾರ ಬಿಟ್ಟ ಕೆಲಸ ಮಾಯವಾಗುವುದಿಲ್ಲ. ಯಾರಾದರೂ ಮಾಡಲೇಬೇಕು. ಅಜ್ಜಿ ಇದ್ದರೆ ಅಜ್ಜಿ ಮಾಡುತ್ತಾಳೆ. ಇಲ್ಲದಿದ್ದರೆ ದೊಡ್ಡ ಮಗಳು.

ಪಕ್ಕದ ಮನೆಯ ಹುಡುಗಿ ಈ ಜನವರಿಯಲ್ಲಿ ಎಷ್ಟು ದಿನ ಶಾಲೆಗೆ ಹೋಗಿದ್ದಾಳೆ ಅಂತ ನಾನು ಕೇಳಲಿಲ್ಲ. ಕೇಳಿದರೆ ಅಕ್ಕನಿಗೆ ನೋವಾಗುತ್ತದೆ. ಅಂಗನವಾಡಿ ಬಾಗಿಲು ತೆಗೆಯದ ದಿನ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮೆಟ್ಟಿಲ ಮೇಲೆ ಕೂತಿರುತ್ತಾಳೆ, ತೊಡೆ ಮೇಲೆ ಗಣಿತದ ಪುಸ್ತಕ. ಕುಯ್ಲಿನ ತಿಂಗಳುಗಳು ಶಾಲೆಯಲ್ಲಿ ಪಾಠ ಓಡುವ ತಿಂಗಳುಗಳೂ ಹೌದು, ಮಾರ್ಚ್‌ನಲ್ಲಿ ಪರೀಕ್ಷೆ. ಬಜೆಟ್ ಪುಸ್ತಕದ ಯಾವ ಬಾಬಿನಲ್ಲೂ ಈ ಹುಡುಗಿಯ ಹಾಜರಿ ಇಲ್ಲ. ಅಲ್ಲಿ ಬಿಟ್ಟದ್ದನ್ನು ಇಲ್ಲಿ ಹೊರುತ್ತಿರುವವಳು ಅವಳೇ.

ನಾವು ಕೇಳಬಹುದಾದದ್ದು ಇದೆ. ಗ್ರಾಮಸಭೆಯಲ್ಲಿ ಸುಮ್ನೆ ಕೂತು ಎದ್ದು ಬರುವ ಬದಲು ಮೂರು ಮಾತು ಕೇಳಿ. ನಮ್ಮ ಪಂಚಾಯಿತಿಗೆ ಕೂಸಿನ ಮನೆ ಬಂದಿದೆಯೇ, ಬಂದಿದ್ದರೆ ಯಾವ ಹೊತ್ತಿಗೆ ತೆಗೆಯುತ್ತಾರೆ? ನಮ್ಮ ಅಂಗನವಾಡಿಯಲ್ಲಿ ಸಹಾಯಕಿ ಹುದ್ದೆ ಎಷ್ಟು ದಿನದಿಂದ ಖಾಲಿ ಇದೆ? ಕುಯ್ಲಿನ ಐದು ತಿಂಗಳಾದರೂ ಬೆಳಿಗ್ಗೆ ಏಳೂವರೆಗೆ ಬಾಗಿಲು ತೆಗೆಯಲು ಏನು ಮಾಡಬೇಕು? ಬೆಳೆಗಾರರ ಸಂಘದವರೂ ಈ ಮಾತಿಗೆ ದನಿ ಸೇರಿಸಬೇಕು. ಆಳು ಸಿಗುತ್ತಿಲ್ಲ ಅಂತ ಪ್ರತಿವರ್ಷ ಹೇಳುತ್ತಾರೆ. ಮಗು ಬಿಡಲು ಜಾಗ ಇಲ್ಲದೇ ಮನೆಯಲ್ಲಿ ಉಳಿದವರೂ ಆ ಸಿಗದ ಆಳುಗಳಲ್ಲಿ ಇದ್ದಾರೆ. ಹಣ ಬರಲಿಲ್ಲ ಅಂದರೆ ಎಷ್ಟು ಮಂಜೂರಾಗಿತ್ತು, ಎಷ್ಟು ಬಿಡುಗಡೆಯಾಯಿತು ಅಂತ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಬಿಪಿಎಲ್ ಕಾರ್ಡಿದ್ದವರಿಗೆ ಅರ್ಜಿ ಶುಲ್ಕವೂ ಇಲ್ಲ.

ಮೊನ್ನೆ ಸಂಜೆ ನಾನು ಆ ತೋಟದ ಕಣದ ಹತ್ತಿರ ಹೋಗಿದ್ದೆ. ತೂಕ ನಡೆಯುತ್ತಿತ್ತು. ತೋಟದ ಲೆಕ್ಕ ಬರೆಯುವ ರೈಟರ್ ಕೈಯಲ್ಲಿ ಪುಸ್ತಕ, ಹೆಂಗಸರ ಸಾಲು, ಒಂದೊಂದೇ ಗೋಣಿ ತಕ್ಕಡಿಗೆ ಏರುತ್ತಿತ್ತು. ನೂರಾ ಹತ್ತು. ತೊಂಬತ್ತೆಂಟು. ನೂರಾ ನಾಲ್ಕು. ಅಕ್ಕನ ಗೋಣಿ ಎಪ್ಪತ್ತೊಂದು. ಆ ದಿನ ಅಂಗನವಾಡಿ ಬಾಗಿಲು ತೆಗೆಯುವವರೆಗೆ ಕಾದು, ಮಗುವನ್ನು ಬಿಟ್ಟು, ತೋಟಕ್ಕೆ ನಡೆದೇ ಬಂದಿದ್ದಳು. ಮಗಳಿಗೆ ಅವತ್ತು ಕಿರುಪರೀಕ್ಷೆ ಇತ್ತಂತೆ, ಶಾಲೆ ತಪ್ಪಿಸಲು ಮನಸ್ಸು ಬರಲಿಲ್ಲವಂತೆ. ರೈಟರ್ ಎಪ್ಪತ್ತೊಂದು ಅಂತ ಬರೆದುಕೊಂಡರು. ಅವಳು ಖಾಲಿ ಗೋಣಿಯನ್ನು ಕೊಡವಿ ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡು, ಗಾಡಿಗೆ ಕಾಯದೆ, ಅಂಗನವಾಡಿ ಕಡೆಯ ಒಳದಾರಿ ಹಿಡಿದಳು.